ಸಾಕು ಎನ್ನದ ಮೀನು

ಬೆಳಿಗ್ಗೆ ಎದ್ದು ಗಂಡನ ಬಾಯಿಗೆ ಎರಡು ಬೆರಳು ಹಾಕಿ ನೋಡುವುದು ನಮ್ಮೂರಿನಲ್ಲಿ ಹಗ್ಗದವರ ಹೆಂಡತಿಯರ ಮೊದಲ ಕೆಲಸ. ಒಲೆ ಹಚ್ಚುವುದು, ಅಂಗಳ ಗುಡಿಸುವುದು ಎಲ್ಲ ಅದಾದ ಮೇಲೆ. ಮದುವೆಯಾದ ಹೊಸದರಲ್ಲಿ ಅತ್ತೆಯೇ ನನಗಿದನ್ನು ಹೇಳಿಕೊಟ್ಟರು. ತೋರುಬೆರಳು, ನಡುಬೆರಳು ಒಂದರ ಮೇಲೊಂದು ಇಟ್ಟು ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ ನಿಲ್ಲಿಸಬೇಕು. ಸಲೀಸಾಗಿ ಹೋದರೆ ಆ ದಿನ ಗಂಡ ಹಿನ್ನೀರಿಗೆ ಹೋಗಬಹುದು. ಬಿಗಿಯಾದರೆ ಮನೆಯಲ್ಲಿರಬೇಕು, ಮೊಂಡ ತಿನ್ನುವುದನ್ನು ನಿಲ್ಲಿಸಬೇಕು. "ಬೆರಳು ಹಾಕುವಾಗ ಅವನನ್ನು ನಗಿಸ್ಬೇಡ," ಎಂದಿದ್ದರು ಅತ್ತೆ. ಅವರ ಬಲಗೈಯ ನಡುಬೆರಳಿಗೆ ತುದಿ ಇರಲಿಲ್ಲ.

ನಮ್ಮ ಹಿನ್ನೀರಿನ ಮೀನಿಗೆ ನಾವು ಮೊಂಡ ಎನ್ನುತ್ತೇವೆ. ಬೇರೆ ಊರಿನ ಮೀನು ಒಂದು ಅಳತೆಗೆ ಬಂದ ಮೇಲೆ ಅಲ್ಲಿಗೆ ನಿಲ್ಲುತ್ತದಂತೆ. ಮೊಂಡ ನಿಲ್ಲುವುದಿಲ್ಲ. ಬೆನ್ನಿನಲ್ಲಿ, ಪಕ್ಕೆಯಲ್ಲಿ, ಬಾಲದ ಬುಡದಲ್ಲಿ ಮಾಂಸದ ಮೇಲೆ ಮಾಂಸ ಏರುತ್ತಲೇ ಹೋಗುತ್ತದೆ. ಕೊನೆಗೊಂದು ದಿನ ದವಡೆಯ ಮಾಂಸ ಎಷ್ಟು ಬಿಗಿಯುತ್ತದೆಂದರೆ ಬಾಯಿ ತೆರೆಯಲಾಗದೆ, ಅಷ್ಟೊಂದು ಬಲ ಮೈಯಲ್ಲಿಟ್ಟುಕೊಂಡು, ಹಸಿವಿನಿಂದ ಸಾಯುತ್ತದೆ. ಹಾಗೆ ಸತ್ತು ದಡಕ್ಕೆ ಬಂದ ಮೀನನ್ನು ಕಾಗೆಗಳು ಕೂಡ ಹರಿಯಲಾರವು. ಊರು ಇದಕ್ಕೆಲ್ಲ ಹೊಂದಿಕೊಂಡಿದೆ. ಸ್ನಾನದ ಕಟ್ಟೆಗೆ ಕಬ್ಬಿಣದ ಸರಳು, ದೋಣಿಯ ಅಡಿಗೆ ತಗಡು. ಬಟ್ಟೆ ಒಗೆಯುವ ಹೆಂಗಸರು ನೀರಿಗೆ ಬೆನ್ನು ಮಾಡುವುದಿಲ್ಲ. ಬಲೆ ಎಂಬುದು ನಮ್ಮಲ್ಲಿ ಇಲ್ಲವೇ ಇಲ್ಲ. ಸರಪಳಿಗೆ ಸಿಕ್ಕಿಸಿದ ಗಾಳ, ಸರಪಳಿಗೆ ಕಟ್ಟಿದ ನಾರಿನ ಹಗ್ಗ, ಹಗ್ಗ ಹಿಡಿದ ಗಂಡಸರು, ಇಷ್ಟೇ. ಗಂಜಿ ಉಂಡವನ ಕೈಗೆ ಮೊಂಡ ಬರುವುದಿಲ್ಲ, ಮೊಂಡ ತಿಂದವನ ಕೈಗೇ ಬರಬೇಕು. ನಾವೆಲ್ಲ ಹಬ್ಬಕ್ಕೊಮ್ಮೆ ತಿನ್ನುತ್ತೇವೆ. ಹಗ್ಗದವರು ದಿನಾ ತಿನ್ನುತ್ತಾರೆ. ದಿನಾ ತಿಂದವರ ಮೈಯಲ್ಲಿ ಮೀನಿಗೆ ಆದದ್ದೇ ಆಗುತ್ತದೆ.

ನನ್ನ ಗಂಡ ಶೀನ ಹಗ್ಗದವರ ಸಾಲಿನಲ್ಲಿ ಎರಡನೆಯವರು. ಅವರ ಮುಂದೆ ನಿಲ್ಲುತ್ತಿದ್ದವನು ಊರಿನ ಯಜಮಾನರಾದ ಸೂರ ಗುರಿಕಾರರ ಮಗ ದೂಮ. ಮದುವೆಯ ದಿನ ಧಾರೆಗೆ ಕೈ ಹಿಡಿದಾಗ ಶೀನ ಅವರ ಕೈ ಎಲ್ಲ ಗಂಡಸರ ಕೈಯ ಹಾಗೇ ಇತ್ತು. ಆಮೇಲೆ ಬೆಳೆಯಿತು. ಅಂಗಿಯ ತೋಳು ಕತ್ತರಿಸಿದೆ, ಮತ್ತೆ ಅಂಗಿಯೇ ಬೇಡವಾಯಿತು. ಬೆನ್ನಿನ ಮಾಂಸ ಉಬ್ಬಿ ಅಂಗಾತ ಮಲಗಲು ಆಗುತ್ತಿರಲಿಲ್ಲ. ಹಿತ್ತಾಳೆಯ ಚೆಂಬು ಅವರ ಹಿಡಿತದಲ್ಲಿ ನಜ್ಜುಗುಜ್ಜಾದ ಮೇಲೆ ನೀರನ್ನು ಮರದ ಮರಿಗೆಯಲ್ಲಿ ಕೊಡುತ್ತಿದ್ದೆ. ಅದನ್ನೂ ಅವರು ತೀರ್ಥ ತೆಗೆದುಕೊಳ್ಳುವವರ ಹಾಗೆ ಅಂಗೈಗಳ ಮೇಲೆ ಇಟ್ಟುಕೊಂಡೇ ಕುಡಿಯುತ್ತಿದ್ದರು. ನನ್ನನ್ನು ಮುಟ್ಟುವುದನ್ನು ಅವರಾಗಿಯೇ ಬಿಟ್ಟಿದ್ದರು. ಮಾತು ಮಾತ್ರ ಮೊದಲಿನಷ್ಟೇ ಮೆತ್ತಗಿತ್ತು. ಅಡುಗೆಮನೆಯ ಹೊಸ್ತಿಲಲ್ಲಿ ಕೂತು, ನಾನು ಸೊಪ್ಪು ಬಿಡಿಸುವುದನ್ನು ನೋಡುತ್ತಾ ಊರಿನ ಸುದ್ದಿ ಹೇಳುತ್ತಿದ್ದರು.

ಒಂದು ಬೆಳಿಗ್ಗೆ ನನ್ನ ಬೆರಳು ಹೋಗಲಿಲ್ಲ. ಮತ್ತೊಮ್ಮೆ ಹಾಕಿ ನೋಡಿದೆ. ಒಂದೇ ಬೆರಳಿಗೆ ಜಾಗ ಇತ್ತು, ಅದೂ ಹಲ್ಲು ತಾಗುತ್ತಿತ್ತು.

"ಪೂರ್ತಿ ತೆರೀರಿ," ಎಂದೆ.

"ಪೂರ್ತಿಯೇ ತೆರೆದದ್ದು," ಎಂದರು ಅವರು. ಹಲ್ಲಿನ ಸಂದಿಯಿಂದ ಬಂದ ಆ ಮಾತು ಬೇರೆ ಯಾರದ್ದೋ ಹಾಗೆ ಕೇಳಿಸಿತು. ಆಮೇಲೆ ನನ್ನ ಮುಖ ನೋಡಿ, "ಯಾರ ಹತ್ರವೂ ಹೇಳ್ಬೇಡ ಜಲಜಾ," ಎಂದರು.

ನನ್ನ ಮಾವ ತೀರಿಕೊಂಡದ್ದು ಹೇಗೆಂದು ಅತ್ತೆ ಒಮ್ಮೆ ಹೇಳಿದ್ದರು, ಆಮೇಲೆ ಆ ಮಾತನ್ನು ಎತ್ತಿರಲಿಲ್ಲ. ಬಾಯಿ ಕಟ್ಟಿದ ಮೇಲೆ ಅವರ ಮುಂದಿನ ಹಲ್ಲೊಂದನ್ನು ಒಡೆದು, ಆ ತೂತಿನಿಂದ ಗಂಜಿಯ ತಿಳಿ ಬಿಡುತ್ತಿದ್ದರಂತೆ. ಗಂಟಲೂ ಬಿಗಿದ ಮೇಲೆ ಅದೂ ಹೋಗಲಿಲ್ಲವಂತೆ. ಮನೆಯ ನಡುಗಂಬವನ್ನು ತಬ್ಬಿಕೊಂಡು ಕೂತಿದ್ದರಂತೆ, ಕಂಬ ಬಿರುಕು ಬಿಟ್ಟಿತಂತೆ. ಆ ಬಿರುಕು ಈಗಲೂ ಇದೆ. ನಾನು ಅದರ ಮೇಲೆ ಕ್ಯಾಲೆಂಡರ್ ತೂಗು ಹಾಕಿದ್ದೇನೆ.

ಬೇರೆ ಸಮಯವಾಗಿದ್ದರೆ ಗುರಿಕಾರರ ಕಾಲಿಗೆ ಬಿದ್ದಾದರೂ ಗಂಡನನ್ನು ಸಾಲಿನಿಂದ ಬಿಡಿಸುತ್ತಿದ್ದೆ. ಆ ವರ್ಷ ಅದು ಆಗದ ಮಾತಾಗಿತ್ತು. ಹಿನ್ನೀರಿಗೂ ಕಡಲಿಗೂ ನಡುವೆ ನಮ್ಮದೊಂದು ಕಿಂಡಿ ಅಣೆಕಟ್ಟು ಇದೆ. ಹಲಗೆ ಹಾಕಿ ಉಪ್ಪುನೀರನ್ನು ಆಚೆಗೆ ನಿಲ್ಲಿಸಿದ್ದರಿಂದಲೇ ಊರಿನ ಬಾವಿಗಳಲ್ಲಿ ಕುಡಿಯುವ ನೀರು. ಆ ಹಲಗೆಗಳಿಗೆ ಹಿನ್ನೀರಿನ ಕಡೆಯಿಂದ ಒಂದು ದೊಡ್ಡ ಮೊಂಡ ಬಂದು ಗುದ್ದಲು ಶುರು ಮಾಡಿತ್ತು. ಇಳಿತದ ಹೊತ್ತಿಗೆ ಆ ಸದ್ದು ಇಡೀ ಊರಿಗೆ ಕೇಳುತ್ತಿತ್ತು. ಅದು ಗುದ್ದಿದಾಗ ಗೋಡೆಯ ಗೂಡಿನಲ್ಲಿಟ್ಟ ಲೋಟಗಳು ನಡುಗುತ್ತಿದ್ದವು, ನಾವು ಮಾತು ನಿಲ್ಲಿಸಿ, ಅದು ನಿಂತ ಮೇಲೆ ಮುಂದುವರಿಸುತ್ತಿದ್ದೆವು. ಹಲಗೆ ಹೋಗುವ ಮೊದಲು ಅದನ್ನು ಎಳೆದು ಹಾಕಬೇಕೆಂದು ಗುರಿಕಾರರು ಹಗ್ಗದವರಿಗೆಲ್ಲ ಮೊಂಡದ ಪಾಲು ಹೆಚ್ಚಿಸಿದ್ದರು.

ಅಣೆಕಟ್ಟಿನ ಈಚೆಗೆ ತೆಂಗಿನ ತೋಟದ ಮರೆಯಲ್ಲಿ ಕಸ್ತೂರಿ ಮೇಡಂ ಅವರ ಕೊಳಗಳಿದ್ದವು. ಅವರು ಬಯಲುಸೀಮೆಯಿಂದ ಬಂದ ಮೀನಿನ ಡಾಕ್ಟರು. ಮೊಂಡದ ತತ್ತಿ, ರಕ್ತ, ಮಾಂಸ ತೆಗೆದುಕೊಂಡು ಏನೇನೋ ಪರೀಕ್ಷೆ ಮಾಡುತ್ತಿದ್ದರು. ಕೊಳದಲ್ಲಿ ಅಂಗೈ ಅಗಲದ ಮೀನು ಸಾಕಿದ್ದರು. ಊರಿನವರು ಅದನ್ನು 'ಡಾಕ್ಟ್ರ ಮೀನು' ಎಂದು ನಗುತ್ತಿದ್ದರು. ನಾನು ಅಲ್ಲಿ ಕೊಳದ ಪಾಚಿ ತೆಗೆಯುವ ಕೆಲಸಕ್ಕೆ ಹೋಗುತ್ತಿದ್ದೆ. ಅಂದು ಬುಟ್ಟಿ ಕೆಳಗಿಟ್ಟು ನೇರ ಕೇಳಿಬಿಟ್ಟೆ.

"ಮೇಡಂ, ಬಾಯಿ ಬಿಗಿಯುವುದಕ್ಕೆ ಮದ್ದು ಉಂಟಾ?"

ಅವರು ನನ್ನನ್ನು ಕಲ್ಲುಕಟ್ಟೆಯ ಮೇಲೆ ಕೂರಿಸಿದರು. "ಎಷ್ಟು ಬೆರಳು ಹೊಕ್ಕಾವ ಈಗ?" ಎಂದು ಕೇಳಿದರು. ಹೇಳಿದೆ.

"ನೋಡವಾ ಜಲಜಾ, ಎಲ್ಲಾ ಜೀವದೊಳಗೂ ಒಂದು ಜೀನ್ ಇರತೈತಿ. ಮೈಯಾಗಿನ ಮಾಂಸಕ್ಕ 'ಸಾಕು, ಇಲ್ಲಿಗೆ ನಿಲ್ಲು' ಅಂತ ಹೇಳೂದು ಅದರ ಕೆಲಸ. ನಿಮ್ಮ ಮೊಂಡದಾಗ ಆ ಜೀನ್ ಕೆಟ್ಟೈತಿ. ತಾಯಿಗೆ ಕೆಟ್ಟಿದ್ದು ಮರಿಗೆ ಬರತೈತಿ, ಮರಿಯಿಂದ ಅದರ ಮರಿಗೆ. ಯಾರೂ ಸಾಕು ಅನ್ನಾವರಿಲ್ಲ, ಅದಕ್ಕ ಬೆಳೀತಾನ ಹೋಗತೈತಿ."

"ಅದು ಮೀನಿಂದಾಯ್ತು. ಮನುಷ್ಯರಿಗೆ?"

"ನಾ ಓದಿದ್ದರ ಪ್ರಕಾರ ತಿಂದರ ಬರಬಾರದು," ಎಂದರು ಅವರು. "ಆದರ ನಿನ್ನ ಗಂಡನ್ನ ನಾ ಕಣ್ಣಾರೆ ನೋಡೇನಲ್ಲ." ಆಮೇಲೆ ಕೊಳದತ್ತ ಕೈ ತೋರಿಸಿದರು. "ಇವುಗಳೊಳಗ ಆ ಜೀನ್ ಗಟ್ಟಿ ಐತಿ. ಬ್ಯಾರೆ ಮೀನಿನಕಿಂತ ಜೋರಾಗಿ ಸಾಕು ಅನ್ನೂ ಹಂಗ ಮಾಡೀನಿ. ಇವನ್ನ ತಿನಿಸಿದರ ಏನಾಗತೈತೋ ನನಗ ಗೊತ್ತಿಲ್ಲ. ಗೊತ್ತಿಲ್ಲ ಅಂತ ಮದಲ ಹೇಳತೀನಿ ನೋಡು. ಒಳ್ಳೇದೂ ಆಗಬಹುದು, ಕೆಟ್ಟದ್ದೂ ಆಗಬಹುದು."

ನಾನು ಸೆರಗಿನಡಿಯಲ್ಲಿ ಮೀನು ಮುಚ್ಚಿಕೊಂಡು ಮನೆಗೆ ಬಂದೆ.

ಮೊಂಡವನ್ನು ಬೇಯಿಸುವುದೆಂದರೆ ಬೆಳಗಿನಿಂದ ಸಂಜೆಯವರೆಗಿನ ಕೆಲಸ. ಹಸಿ ಪಪ್ಪಾಯಿಯ ಸಿಪ್ಪೆ ಹಚ್ಚಿ, ಒನಕೆಯಿಂದ ಜಜ್ಜಿ, ಉರಿ ತಗ್ಗಿಸದೆ ಕುದಿಸಬೇಕು. ಅಷ್ಟಾದರೂ ಜಗಿಯುವಾಗ ಕಿವಿಯಲ್ಲಿ ಕೇಳುತ್ತದೆ. ಡಾಕ್ಟ್ರ ಮೀನು ಮಸಾಲೆ ಕುದಿ ಬರುವಷ್ಟರಲ್ಲಿ ಬೆಂದು ಬಿಟ್ಟುಕೊಳ್ಳುತ್ತಿತ್ತು. ವ್ಯತ್ಯಾಸ ಗಂಡನಿಗೆ ಗೊತ್ತಾಗಬಾರದೆಂದು ಅದನ್ನು ಉಪ್ಪು ಹಾಕಿ, ಬಿಸಿಲಿನಲ್ಲಿ ಒಣಗಿಸಿ, ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಕಟ್ಟಿದೆ. ಗಟ್ಟಿಯಾದ ಮೇಲೆ ಚೂರು ಮಾಡಿ, ತೆಂಗಿನಕಾಯಿಯ ಹೋಳು ಸೇರಿಸಿ, ಖಾರ ಹೆಚ್ಚು ಹಾಕಿ ಸಾರು ಮಾಡಿದೆ. ಗುರಿಕಾರರ ಮನೆಯಿಂದ ಬರುತ್ತಿದ್ದ ಮೊಂಡದ ಪಾಲನ್ನು ಹಿತ್ತಿಲಿನಲ್ಲಿ ಹೂಳಿದೆ. ನಾಯಿ ಅದನ್ನು ಕೆದಕಿ ತಿಂದರೆ ಏನು ಗತಿಯೆಂದು ಮೇಲೆ ಕಲ್ಲು ಹೇರಿದೆ. ಮೊದಲ ದಿನ ಅವರ ಮುಂದೆ ಬಟ್ಟಲಿಟ್ಟು ಅಲ್ಲೇ ಕೂತೆ. ಅವರು ತುಂಡು ಬಾಯಿಗೆ ಹಾಕಿಕೊಂಡರು. ಜಗಿಯುವುದನ್ನು ಒಂದು ಗಳಿಗೆ ನಿಲ್ಲಿಸಿದರು. ಮತ್ತೆ ಜಗಿದರು. "ಖಾರ ಸ್ವಲ್ಪ ಹೆಚ್ಚಾಗಿದೆ," ಎಂದರು, ಅಷ್ಟೇ.

ದಿನ ಕಳೆದ ಹಾಗೆ ಹಲ್ಲಿನ ನಡುವೆ ಎರಡನೆಯ ಬೆರಳಿಗೂ ಜಾಗ ಸಿಕ್ಕಿತು. ಅವರು ಅಂಗಾತ ಮಲಗಿ ನಿದ್ದೆ ಮಾಡಿದ ಮಧ್ಯಾಹ್ನ ನಾನು ಬಾಗಿಲ ಬಳಿ ಕೂತು ಆ ಉಸಿರನ್ನು ಕೇಳಿಸಿಕೊಂಡೆ. ಸಂತೋಷಪಡಬೇಕಿತ್ತು. ಆದರೆ ಅಷ್ಟರಲ್ಲೇ ಅಣೆಕಟ್ಟಿನ ಕಡೆಯಿಂದ ಗುದ್ದು ಕೇಳಿಸಿತು, ಗೂಡಿನ ಲೋಟ ನಡುಗಿತು. ಅವರ ಹೆಗಲಿನ ಮಾಂಸ ಇಳಿದಿತ್ತು. ತೋಳು ತೆಳ್ಳಗಾಗುತ್ತಿತ್ತು. ಈ ಕೈಯಲ್ಲಿ ಹಗ್ಗ ಹಿಡಿದರೆ ಏನಾಗುತ್ತದೆ? ಬಾಯಿ ಬಿಗಿದು ಸಾಯುವುದರಿಂದ ಗಂಡನನ್ನು ತಪ್ಪಿಸಿ ನೀರಿನಲ್ಲಿ ಸಾಯುವುದಕ್ಕೆ ಕಳಿಸುತ್ತಿದ್ದೆನೆ? ಕೇಳಲು ಯಾರೂ ಇರಲಿಲ್ಲ. ಅತ್ತೆ ಹಿಂದಿನ ವರ್ಷವೇ ತೀರಿಕೊಂಡಿದ್ದರು.

ಗುರಿಕಾರರು ಒಂದು ದಿನ ಊಟದ ಹೊತ್ತಿಗೆ ಮನೆಗೆ ಬಂದರು. ವಯಸ್ಸಾದವರು, ಹಗ್ಗ ಬಿಟ್ಟು ಬಹಳ ಕಾಲವಾಗಿ ಮೈಯ ಚರ್ಮ ಜೋತು ಬಿದ್ದಿತ್ತು. ಜಗಲಿಯಲ್ಲಿ ಕೂತು ನನ್ನ ಗಂಡನನ್ನು ಮೇಲಿಂದ ಕೆಳಗೆ ನೋಡಿದರು.

"ಎಂತ ಶೀನ, ಇಳಿದ ಹಾಗೆ ಕಾಣ್ತೀ?"

"ಜ್ವರ ಬಂದಿತ್ತು ಅವರಿಗೆ," ಎಂದು ನಾನೇ ಒಳಗಿನಿಂದ ಹೇಳಿದೆ.

ಅವರು ನನ್ನ ಕಡೆ ತಿರುಗಲಿಲ್ಲ. "ನಾಳೆ ಇಳಿತಕ್ಕೆ ಎಳೆಯುವುದು. ಹಲಗೆ ಇನ್ನು ತಡೆಯೂದಿಲ್ಲ. ದೂಮ ಮುಂದೆ, ನೀನು ಹಿಂದೆ. ನಿನ್ನ ಜಾಗಕ್ಕೆ ಹಾಕ್ಲಿಕ್ಕೆ ಬೇರೆ ಜನ ಇಲ್ಲ, ಗೊತ್ತುಂಟಲ್ಲ?"

"ಬರ್ತೇನೆ ಗುರಿಕಾರರೇ," ಎಂದರು ನನ್ನ ಗಂಡ.

ಅವರು ಹೋದ ಮೇಲೆ ನನಗೆ ತಡೆಯಲಾಗಲಿಲ್ಲ. "ನೀವು ಹೋಗ್ಬೇಡಿ. ನಿಮ್ಮ ಕೈಯಲ್ಲಿ ಬಲ ಇಲ್ಲ. ನಾನು ನಿಮಗೆ ಮೊಂಡ ಹಾಕದೆ..."

"ಗೊತ್ತುಂಟು ಮಾರಾಯ್ತಿ. ಮೊದಲ ದಿನವೇ ಗೊತ್ತಾಯ್ತು," ಎಂದರು. "ಮೊಂಡ ಬಾಯಿಯೊಳಗೂ ಜಗಳ ಆಡ್ತದೆ. ಇದು ಹಲ್ಲು ತಾಗುವಾಗಲೇ ಸೋತುಬಿಟ್ಟಿತು."

"ಮತ್ತೆ ಯಾಕೆ ತಿಂದ್ರಿ?"

ಅವರು ತಮ್ಮ ಕೈಗಳನ್ನು ತಿರುಗಿಸಿ ನೋಡಿಕೊಂಡರು. "ಅಪ್ಪ ಆ ಕಂಬ ಹಿಡ್ಕೊಂಡು ಕೂತದ್ದು ನಾನು ನೋಡಿದ್ದೇನೆ. ಹೆದರಿಕೆ ಆಗ್ತದೆ ಅಂತ ಯಾರ ಹತ್ರ ಹೇಳೂದು? ನೀನು ಹೇಳದೇ ಮಾಡಿದೆ. ನಾನು ಹೇಳದೇ ತಿಂದೆ."

"ಹಾಗಾದ್ರೆ ನಾಳೆ ಹೋಗ್ಬೇಡಿ."

"ಹೋಗದಿದ್ರೆ ಸಾಲು ಮುರೀತದೆ. ದೂಮ ಒಬ್ಬನೇ ಮುಂದಾಗ್ತಾನೆ. ಅವನ ಮಗು ಇನ್ನೂ ತೊಟ್ಟಿಲಲ್ಲಿ ಉಂಟು. ಆಗದಿದ್ರೆ 'ಬಿಡಿ' ಅಂತ ಕೂಗ್ಲಿಕ್ಕಾದ್ರೂ ಒಬ್ಬ ಬೇಕು. ಈಗ ಬಾಯಿ ತೆರೀತದಲ್ಲ."

ಮರುದಿನ ಬಿಸಿಲು ಬಿಳುಪಾಗಿ ಸುಡುತ್ತಿತ್ತು. ಅಣೆಕಟ್ಟಿನ ದಂಡೆಯ ಮೇಲೆ ಇಡೀ ಊರು ನಿಂತಿತ್ತು. ನೀರು ಇಳಿಯುತ್ತಿದ್ದ ಹಾಗೆ ಹಲಗೆಗಳ ಹತ್ತಿರ ಅದರ ಬೆನ್ನು ಕಂಡಿತು. ಮಗುಚಿ ಹಾಕಿದ ದೋಣಿಯೆಂದುಕೊಂಡೆ, ದೋಣಿ ಅಲುಗಿತು. ಗಾಳ ಅದರ ಕಿವಿರಿಗೆ ಸಿಕ್ಕಿತು. ಹಗ್ಗದವರು ಹಗ್ಗವನ್ನು ಅಂಗೈಗೆ ಒಂದು ಸುತ್ತು ಸುತ್ತಿ, ಕಾಲು ಹೂತು, ಎಳೆದರು.

ಮೊದಲಿಗೆ ಬಂತು. ಜನ ಉಸಿರು ಬಿಟ್ಟರು. ದೂಮನ ಕುತ್ತಿಗೆಯ ನರಗಳು ಹಗ್ಗದಷ್ಟೇ ದಪ್ಪವಾಗಿ ಎದ್ದಿದ್ದವು. ನನ್ನ ಗಂಡನ ಕಾಲು ಮರಳಿನಲ್ಲಿ ಜಾರುವುದನ್ನು ನಾನೊಬ್ಬಳೇ ನೋಡುತ್ತಿದ್ದೆನೋ ಏನೋ. ಆಗ ಮೀನು ಒಮ್ಮೆ ಮೈ ತಿರುಗಿಸಿತು. ಅವಸರವೇ ಇಲ್ಲದೆ, ಮಲಗಿದವರು ಮಗ್ಗುಲು ಬದಲಿಸುವ ಹಾಗೆ. ಇಡೀ ಸಾಲು ನೀರಿನ ಕಡೆಗೆ ಹೋಯಿತು. ಹಿಂದಿನವರು ಮುಂದಿನವರ ಮೇಲೆ ಬಿದ್ದರು. ಹಗ್ಗ ಮರಳಿನಲ್ಲಿ ಗೀರು ಎಳೆಯುತ್ತಾ ಓಡಿತು.

"ಬಿಡಿ! ಎಲ್ಲ ಬಿಡಿ!" ನನ್ನ ಗಂಡ ಬಾಯ್ತುಂಬ ಕೂಗಿದರು. ಕೂಗಿ ಕೈ ಬಿಚ್ಚಿದರು. ಹಗ್ಗ ಅವರ ಅಂಗೈಯ ಚರ್ಮ ಸುಲಿದುಕೊಂಡು ಹೋಯಿತು.

ಹಿಂದಿನವರು ಒಬ್ಬೊಬ್ಬರಾಗಿ ಬಿಟ್ಟರು. ಕೆಲವರು ಒಂದು ಕೈಯಿಂದ ಇನ್ನೊಂದು ಕೈಯ ಬೆರಳು ಬಿಡಿಸಿಕೊಂಡರು. ದೂಮ ಬಿಡಲಿಲ್ಲ. ನಾವೆಲ್ಲ ಅದು ಅವನ ಹಟವೆಂದುಕೊಂಡೆವು. ಅವನ ಕಣ್ಣು ನೋಡಿದ ಮೇಲೆ ನನಗೆ ಗೊತ್ತಾಯಿತು. ಮುಷ್ಟಿ ಬಿಚ್ಚುತ್ತಿರಲಿಲ್ಲ. ಮಾಂಸ ಬಿಗಿದು ನಿಂತಿತ್ತು. ಅವನ ಬಾಯಿಯೂ ತೆರೆಯಲಿಲ್ಲ, ಹಲ್ಲಿನ ಹಿಂದಿನಿಂದ ಒಂದು ಸ್ವರ ಮಾತ್ರ ಬರುತ್ತಿತ್ತು. ನನ್ನ ಗಂಡ ಸೊಂಟದ ನೀರಿಗೆ ಧುಮುಕಿ, ಅವನ ಮುಷ್ಟಿ ಹಿಡಿದು ಬೆರಳು ಎಬ್ಬಿಸಲು ನೋಡಿದರು. ಮೊದಲಿನ ಬಲ ಇದ್ದಿದ್ದರೆ ಎಬ್ಬಿಸುತ್ತಿದ್ದರೋ ಏನೋ. ಗುರಿಕಾರರು ಕತ್ತಿ ಹಿಡಿದು ಹಗ್ಗ ಕಡಿಯಲು ಓಡಿ ಬಂದರು. ಅವರು ಬರುವಷ್ಟರಲ್ಲಿ ಆ ಮುಷ್ಟಿ ನನ್ನ ಗಂಡನ ಕೈಯಿಂದ ಜಾರಿ, ಹಗ್ಗದ ತುದಿ ನೀರಿನಲ್ಲಿತ್ತು. ಮೀನು ಹಲಗೆಗಳಿಗೆ ಗುದ್ದಿತು. ಹಲಗೆ ಮುರಿದ ಸದ್ದಾಯಿತು, ಆಮೇಲೆ ಹಿನ್ನೀರು ಕಡಲಿಗೆ ನುಗ್ಗಿದ ಸದ್ದು. ಮೀನು ಕಡಲಿಗೆ ಹೋಯಿತು. ದೂಮನೂ ಅದರ ಹಿಂದೆಯೇ ಹೋದ.

ಅದಾದ ಮೇಲೆ ಊರು ನಮ್ಮನ್ನು ಬಿಟ್ಟಿತು. ಭರತದಲ್ಲಿ ಕಡಲು ಒಳಗೆ ಬಂದು ಬಾವಿಗಳ ನೀರು ಉಪ್ಪಾಯಿತು. ದೂರದ ಗುಡ್ಡದ ಒರತೆಯಿಂದ ಹೊತ್ತು ತರುವ ದಾರಿಯಲ್ಲಿ ಹೆಂಗಸರು ನನ್ನನ್ನು ಕಂಡರೆ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದರು. ಹಗ್ಗ ಮೊದಲು ಬಿಟ್ಟವನು ಶೀನ ಎಂಬುದನ್ನು ಎಲ್ಲರೂ ಕಂಡಿದ್ದರು. ಅವನು ಬಿಡದಿದ್ದರೆ ಎಲ್ಲರೂ ಹೋಗುತ್ತಿದ್ದರು ಎನ್ನುವುದು ಯಾರಿಗೂ ಬೇಕಿರಲಿಲ್ಲ. ಮೊಂಡ ಈಗ ಕಡಲಿನಲ್ಲಿದೆ, ಅಲ್ಲಿ ತತ್ತಿ ಇಡಬಹುದು ಎಂಬ ಮಾತನ್ನಂತೂ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಕಸ್ತೂರಿ ಮೇಡಂ ಮಾತ್ರ ದಿನಾ ದಂಡೆಗೆ ಹೋಗಿ ಕಡಲಿನತ್ತ ನೋಡುತ್ತಾ ನಿಲ್ಲುತ್ತಿದ್ದರು. ನನ್ನ ಗಂಡ ಅಂಗೈಗೆ ಬಟ್ಟೆ ಸುತ್ತಿಕೊಂಡು ಒಳಗೇ ಕೂತಿರುತ್ತಿದ್ದರು. ದೂಮನ ಮುಷ್ಟಿ ಹೇಗಿತ್ತೆಂದು ಒಮ್ಮೆ ಹೇಳಿದರು: "ಕಲ್ಲಿನ ಹಾಗಿತ್ತು ಜಲಜಾ. ಒಳಗೆ ಬಿಸಿ ಇದ್ದ ಕಲ್ಲು."

ಒಂದು ಮಧ್ಯಾಹ್ನ ಅಂಗಳದಲ್ಲಿ ಯಾರೋ ಕೆಮ್ಮಿದ ಹಾಗಾಯಿತು. ನೋಡಿದರೆ ದೂಮನ ಹೆಂಡತಿ ಪದ್ದು, ಕಂಕುಳಲ್ಲಿ ಮಗು. ಶಾಪ ಹಾಕಲು ಬಂದಿದ್ದಾಳೆ, ಮಣ್ಣು ತೂರಲು ಬಂದಿದ್ದಾಳೆ ಎಂದುಕೊಂಡೆ. ಅವಳು ಜಗಲಿಯ ಅಂಚಿನಲ್ಲಿ ಕೂತಳು. ಅವಳ ತಲೆಯ ಒಂದು ಬದಿಯಲ್ಲಿ ಕೂದಲನ್ನು ಅಡ್ಡಾದಿಡ್ಡಿ ಕತ್ತರಿಸಲಾಗಿತ್ತು. ಆ ಕೂದಲು ಮಗುವಿನ ಮುಷ್ಟಿಯಲ್ಲಿತ್ತು.

"ಹಿಡಿದದ್ದು ಬಿಡ್ಲೇ ಇಲ್ಲ ಅಕ್ಕ," ಎಂದಳು. "ಕತ್ತರಿ ತಕೊಂಡು ನಾನೇ ಕತ್ತರಿಸಿದೆ. ಹಾಲು ಕುಡಿಸ್ಲಿಕ್ಕೆ ಕೂತರೆ ನಂಗೆ ಮೈ ನಡುಗ್ತದೆ." ಸೆರಗನ್ನು ಎದೆಗೆ ಒತ್ತಿ ಹಿಡಿದಿದ್ದಳು. ಅದರಲ್ಲಿ ರಕ್ತದ ಕಲೆ ಇತ್ತು.

"ಇವನಿಗೆ ಮೊಂಡ ತಿನ್ನಿಸಿದ್ಯಾ?" ಎಂದು ಕೇಳಿದೆ. ಕೇಳಿದ ಮೇಲೆ ಅದು ಎಂಥ ಪೆದ್ದು ಪ್ರಶ್ನೆಯೆಂದು ತಿಳಿಯಿತು.

"ಹಲ್ಲೇ ಬಂದಿಲ್ಲ ಇವನಿಗೆ. ಹುಟ್ಟುವಾಗಲೇ ತಂದಿದ್ದಾನೆ." ಅವಳು ಅಳಲಿಲ್ಲ. "ಮಾವನವರಿಗೆ ಖುಷಿ. ಅಪ್ಪನಿಗಿಂತ ಗಟ್ಟಿ ಆಗ್ತಾನೆ ಅಂತಾರೆ. ನೀನು ಶೀನಣ್ಣನಿಗೆ ಎಂತ ಹಾಕಿದೆ ಅಂತ ನಂಗೆ ಗೊತ್ತು. ನಿನ್ನ ಅಟ್ಟದಲ್ಲಿ ಕಟ್ಟಿದ್ದು ನೋಡಿದ್ದೆ, ಯಾರ ಹತ್ರವೂ ಹೇಳ್ಲಿಲ್ಲ. ನಮ್ಮವರಿಗೂ ಕೊಡು ಅಂತ ನಿನ್ನ ಹತ್ರ ಕೇಳ್ಬೇಕಿತ್ತು. ಹೆದರಿದೆ. ಇವನಿಗೆ ಕೊಡಬಹುದಾ ಅಕ್ಕ? ಹಾಲಲ್ಲಿ ಅರೆದು ಕೊಟ್ಟರೆ ಆಗ್ತದಾ?"

ಅಷ್ಟರಲ್ಲಿ ನನ್ನ ಗಂಡ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಿದ್ದರು. ಪದ್ದು ಅವರನ್ನು ನೋಡಿದಳು. ಅವರೂ ನೋಡಿದರು. ಆಮೇಲೆ ಅವರು ಬಂದು ಅವಳ ಮುಂದೆ ನೆಲದ ಮೇಲೆ ಕೂತು, ಕೈಗೆ ಸುತ್ತಿದ್ದ ಬಟ್ಟೆ ಬಿಚ್ಚಿ, ಮಗುವಿನ ಮುಷ್ಟಿಯನ್ನು ಹಿಡಿದುಕೊಂಡರು. ಎಳೆಯಲಿಲ್ಲ. ಮಣಿಕಟ್ಟನ್ನು ಸವರುತ್ತಾ, ಏನೋ ಗುನುಗುತ್ತಾ ಕಿರುಬೆರಳನ್ನು ಎಬ್ಬಿಸಿದರು. ಆಮೇಲೆ ಪಕ್ಕದ್ದು. ಕೂದಲಿನ ಎಳೆಗಳು ಜಾರಿ ಕೆಳಗೆ ಬಿದ್ದವು. ಮುಷ್ಟಿ ತೆರೆದ ಕೂಡಲೇ ಮಗು ಅವರ ಹೆಬ್ಬೆರಳನ್ನು ಹಿಡಿಯಿತು.

ಅವರ ಮುಖದಲ್ಲಿ ನೋವು ಹಾದುಹೋದದ್ದು ಕಂಡಿತು. ಬೆರಳಿನ ತುದಿ ಮೊದಲು ಕೆಂಪಾಯಿತು, ಆಮೇಲೆ ಕಪ್ಪಿಟ್ಟಿತು. "ಬಿಡಿಸ್ಲಾ?" ಎಂದೆ.

"ಬೇಡ, ಇರ್ಲಿ," ಎಂದರು. "ಹೀಗೇ ಡಾಕ್ಟ್ರ ಹತ್ರ ಹೋಗುವ. ಏಳು ಪದ್ದು."

ನಡುಬೀದಿಯಲ್ಲೇ ಹೋದೆವು, ಬೇರೆ ದಾರಿ ಇರಲಿಲ್ಲ. ಬಿಸಿಲಿಗೆ ಜಗಲಿಗಳಲ್ಲಿ ಕೂತಿದ್ದವರೆಲ್ಲ ಎದ್ದು ನಿಂತರು. ಗುರಿಕಾರರು ತಮ್ಮ ಬಾಗಿಲಿಗೆ ಬಂದರು, ಏನೋ ಹೇಳಲು ಬಾಯಿ ತೆರೆದರು. ಪದ್ದು ತಲೆ ತಗ್ಗಿಸಲಿಲ್ಲ. ಮಗು ಅವಳ ಹೆಗಲಿನಲ್ಲಿತ್ತು, ನನ್ನ ಗಂಡ ಅವಳ ಹೆಜ್ಜೆಗೆ ಹೆಜ್ಜೆ ಸೇರಿಸುತ್ತಾ, ಬಗ್ಗಿಕೊಂಡು, ಹೆಬ್ಬೆರಳನ್ನು ಆ ಮುಷ್ಟಿಗೆ ಒಪ್ಪಿಸಿಕೊಂಡೇ ನಡೆಯುತ್ತಿದ್ದರು.